ಮಂಚದ ಸುತ್ತ ನಿಂತರೆ ಆಸ್ಲರ್ ಪಾಠವಾಗದು

ರೋಗಿಯ ಹಾಸಿಗೆಯ ಬಳಿಯ ಪಾಠಕ್ಕೆ ಹೆಸರಾದ ವೈದ್ಯ ವಿಲಿಯಂ ಆಸ್ಲರ್ ಅವರ ಹೆಸರೆತ್ತದೆ ವೈದ್ಯಕೀಯ ಶಿಕ್ಷಣದ ಸಭೆಗಳು ಮುಗಿಯುವುದು ಅಪರೂಪ. ಆದರೆ ಆ ಹೆಸರಿನಲ್ಲಿ ನಡೆಯುವ ‘ವಾರ್ಡ್ ಪಾಠ’ವನ್ನು ಕಂಡಾಗಲೆಲ್ಲ ನನಗೆ ಸಹನೆ ತಪ್ಪುತ್ತದೆ. ಒಬ್ಬ ರೋಗಿಯ ಮಂಚದ ಸುತ್ತ ಇಪ್ಪತ್ತು ಮೂವತ್ತು ವಿದ್ಯಾರ್ಥಿಗಳು ಗುಂಪುಗೂಡುತ್ತಾರೆ, ಪ್ರಾಧ್ಯಾಪಕರು ಮಾತನಾಡುತ್ತಾರೆ, ಹಿಂದೆ ನಿಂತವರಿಗೆ ರೋಗಿಯ ಮುಖವೂ ಕಾಣುವುದಿಲ್ಲ. ಇದು ಜಾಗ ಬದಲಿಸಿದ ಉಪನ್ಯಾಸ, ಅಷ್ಟೆ.

ಕೆನಡಾದಲ್ಲಿ 1849ರಲ್ಲಿ ಹುಟ್ಟಿ, 1872ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಿಂದ ವೈದ್ಯಪದವಿ ಪಡೆದು, ಮುಂದೆ ಅಲ್ಲಿಯೂ ಫಿಲಡೆಲ್ಫಿಯಾದಲ್ಲಿಯೂ ಕಲಿಸಿದ ಆಸ್ಲರ್, 1889ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮುಖ್ಯ ವೈದ್ಯರಾದರು. ವೈದ್ಯಕೀಯ ಶಾಲೆ ಅಲ್ಲಿ 1893ರಲ್ಲಿ ತೆರೆಯಿತು. ಮೂರನೆಯ ವರ್ಷದವರನ್ನು ಅವರು ಹೊರರೋಗಿ ವಿಭಾಗಕ್ಕೆ ಕಳಿಸಿದರು. ನಾಲ್ಕನೆಯ ವರ್ಷದವರಿಗೆ ತಲಾ ಕೆಲವು ಹಾಸಿಗೆಗಳನ್ನೇ ವಹಿಸಿದರು. ನನ್ನ ಸಹೋದ್ಯೋಗಿಗಳು ಓದಿಯೂ ಓದದಂತೆ ದಾಟಿಹೋಗುವ ಮಾತು ಈ ‘ವಹಿಸಿದರು’ ಎಂಬುದೇ. ಹಾಸಿಗೆ ವಹಿಸಿಕೊಂಡ ವಿದ್ಯಾರ್ಥಿಯೇ ರೋಗಿಯ ಹಿಸ್ಟರಿ, ಅಂದರೆ ಕಾಯಿಲೆಯ ಪೂರ್ವಕಥೆ, ಕೇಳಿ ಬರೆಯಬೇಕು, ಮೈ ಮುಟ್ಟಿ ಪರೀಕ್ಷಿಸಬೇಕು, ರಕ್ತ ಮೂತ್ರಗಳನ್ನು ತಾನೇ ಸೂಕ್ಷ್ಮದರ್ಶಕದಡಿ ನೋಡಬೇಕು, ದಿನದಿನದ ಏರಿಳಿತವನ್ನು ದಾಖಲಿಸಬೇಕು. ರೌಂಡ್ಸ್ (ವಾರ್ಡಿನ ಸುತ್ತು) ವೇಳೆ ಪ್ರಾಧ್ಯಾಪಕರು ಪ್ರಶ್ನಿಸಿದರೆ ಉತ್ತರ ಕೊಡಬೇಕಾದವನೂ ಅವನೇ. ಸೂಕ್ಷ್ಮದರ್ಶಕದ ಕೆಲಸವೂ ಈ ಪಾಠದಲ್ಲೇ ಸೇರಿತ್ತು; ಆದ್ದರಿಂದ ಹಾಸಿಗೆಯ ಬಳಿಯ ಕಲಿಕೆಯೇ ಸಾಕೆಂದು ಪ್ರಯೋಗಾಲಯವನ್ನು ಹೀಗಳೆಯಲು ಆಸ್ಲರ್ ಹೆಸರನ್ನು ಬಳಸುವವರೂ ತುಸು ಯೋಚಿಸುವುದು ಒಳ್ಳೆಯದು.

ಹಾಸಿಗೆಯ ಬಳಿ ಕಲಿಸುವುದು ಅವರೇ ಕಂಡುಹಿಡಿದ ಪದ್ಧತಿಯೆಂದು ಹೇಳುವಂತಿಲ್ಲ. ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ವೈದ್ಯ ಬೂರ್ಹಾವೆ 18ನೆಯ ಶತಮಾನದಲ್ಲೇ ಹಾಗೆ ಕಲಿಸಿದ್ದರು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳು ವಾರ್ಡಿನ ಕೆಲಸ ಮಾಡುವ ರೂಢಿಯೂ ಇತ್ತು. ಅದನ್ನು ಅಮೆರಿಕದ ವಿಶ್ವವಿದ್ಯಾಲಯವೊಂದರ ಪಠ್ಯಕ್ರಮದ ನಡುವಿಗೆ ತಂದುದು ಆಸ್ಲರ್ ಅವರ ಹೆಚ್ಚುಗಾರಿಕೆ. 1892ರ ಅವರ ಪಠ್ಯಪುಸ್ತಕ ಎಷ್ಟೇ ಪ್ರಸಿದ್ಧವಾದರೂ ಪುಸ್ತಕವೊಂದರಿಂದಲೇ ವೈದ್ಯರು ತಯಾರಾಗುತ್ತಾರೆಂದು ಅವರು ನಂಬಿರಲಿಲ್ಲ.

ಒಮ್ಮೆ ಪರೀಕ್ಷೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ಊದಿದ ಗುಲ್ಮದ (ಸ್ಪ್ಲೀನ್) ಕಾರಣಗಳನ್ನು ತಡವರಿಸದೆ ಒಪ್ಪಿಸಿದಳು. ಜಾಣೆ, ಸಂಶಯವಿಲ್ಲ. ಹಿಂದೆ ಅವಳು ಅಂಥ ರೋಗಿಯನ್ನು ನೋಡಿದ್ದುಂಟೇ ಎಂದೆ, ಉಂಟೆಂದಳು. ಆತನಿಗೆ ಕೊನೆಗೆ ಏನಾಯಿತೆಂದು ಕೇಳಿದಾಗ ಅವಳಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಆ ಬೆಳಗಿನ ಪಾಠ ಮುಗಿದ ಮೇಲೆ ಆ ಮಂಚಕ್ಕೆ ಮರಳಿ ಹೋಗೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಮಾಂಟ್ರಿಯಲ್‌ನಲ್ಲಿ ನೂರಾರು ಶವಪರೀಕ್ಷೆಗಳನ್ನು ಸ್ವತಃ ನಡೆಸಿ, ಬದುಕಿದ್ದಾಗಿನ ಲಕ್ಷಣಗಳನ್ನು ಸತ್ತ ಮೇಲೆ ಕಂಡ ಅಂಗಗಳೊಂದಿಗೆ ತಾಳೆ ನೋಡಿದ್ದ ಆಸ್ಲರ್ ಆ ಹುಡುಗಿಯನ್ನು ಗದರುತ್ತಿರಲಿಲ್ಲವೇನೋ. ಅವಳ ಅಧ್ಯಾಪಕರನ್ನು ಮಾತ್ರ ಬಿಡುತ್ತಿರಲಿಲ್ಲ.