ಯಾವ ಹೊಳ್ಳೆಯಿಂದ ರಕ್ತ ಬಂತು?

ಬೆಂಗಳೂರಿನಲ್ಲಿ ನಾಯಿಯ ಮೂಗಿನಿಂದ ರಕ್ತ ಬಂದರೆ ಮನೆಯವರು ಕ್ಲಿನಿಕ್ ಬಾಗಿಲಲ್ಲೇ ಹೇಳಿಬಿಡುತ್ತಾರೆ: "ಡಾಕ್ಟ್ರೇ, ಟಿಕ್ ಫೀವರ್ ಇರ್ಬೇಕು." ಎಷ್ಟೋ ಸಲ ಅದು ಸರಿಯೇ. ಉಣ್ಣಿ ಕಚ್ಚಿ ಎರ್ಲಿಕಿಯಾ ಎಂಬ ರೋಗಾಣು ಸೇರಿಕೊಂಡರೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕುಸಿದು ರಕ್ತ ಬರುತ್ತದೆ, ಡಾಕ್ಸಿಸೈಕ್ಲಿನ್ ಕೊಟ್ಟರೆ ಬಹಳಷ್ಟು ನಾಯಿಗಳು ಚೇತರಿಸಿಕೊಳ್ಳುತ್ತವೆ. ನಾನೂ ಮೊದಲು ಬರೆಯುವುದು ರಕ್ತ ಪರೀಕ್ಷೆಯನ್ನೇ. ಆದರೆ ಅದಕ್ಕೂ ಮುಂಚೆ ಕೇಳುತ್ತೇನೆ: ಯಾವ ಹೊಳ್ಳೆ? ಒಂದೇ ಕಡೆಯಾದರೆ ಮೂಗಿನೊಳಗಿನ ಕ್ಯಾನ್ಸರ್ ಗಡ್ಡೆಯ ಅನುಮಾನ ಬರುತ್ತದೆ.

ಇದನ್ನು ಕಲಿತದ್ದು ಎಡವಿಯೇ. ಮಲ್ಲೇಶ್ವರದ ಅಜ್ಜಿಯೊಬ್ಬರು 11 ವರ್ಷದ ಲ್ಯಾಬ್ರಡಾರ್ ಕರೆತಂದಿದ್ದರು. ಸೀನು, ಎಡ ಹೊಳ್ಳೆಯಲ್ಲಿ ಮಾತ್ರ ಗೊಣ್ಣೆ, ಆಗಾಗ ಒಂದೆರಡು ಹನಿ ರಕ್ತ. ಆಂಟಿಬಯೋಟಿಕ್ ಕೊಟ್ಟೆ. ವಾರದಲ್ಲಿ ಕಡಿಮೆಯಾಯಿತು. ವಾಸಿಯಾಯ್ತು ಅಂತ ಅವರೂ ನಂಬಿದರು, ನಾನೂ ನಂಬಿದೆ. ತಿಂಗಳೊಳಗೆ ಮತ್ತೆ ಶುರು. ಮೂಗಿನೊಳಗೆ ಗಡ್ಡೆ ಇತ್ತು. ಅದರ ಜೊತೆ ಸೇರಿಕೊಂಡಿದ್ದ ಸೋಂಕು ಔಷಧಕ್ಕೆ ಬಗ್ಗಿತ್ತು, ಅಷ್ಟೇ.

ಎರಡನೇ ಸಲ, ಫ್ರಿಜ್‌ನಲ್ಲಿಟ್ಟಿದ್ದ ಗಾಜಿನ ಸ್ಲೈಡನ್ನು ಅದರ ಮೂಗಿನ ಮುಂದೆ ಹಿಡಿದೆ. ಬಲಗಡೆ ದುಂಡಗೆ ಆವಿ ಕೂತಿತು. ಎಡಗಡೆ ಗಾಜು ಹಾಗೇ ಇತ್ತು. "ಅಯ್ಯೋ, ಈ ಕಡೆ ಉಸಿರೇ ಬರ್ತಿಲ್ವಲ್ಲ!" ಅಂದರು ಅಜ್ಜಿ. ಮನೆಯಲ್ಲಾದರೆ ತಣ್ಣಗಿನ ಸ್ಟೀಲ್ ತಟ್ಟೆ ಸಾಕು.

ಹತ್ತರ ಆಸುಪಾಸಿನ ವಯಸ್ಸು, ಉದ್ದ ಮೂತಿ, ಒಂದೇ ಕಡೆ ರಕ್ತ, ಪ್ಲೇಟ್‌ಲೆಟ್ ಸರಿಯಾಗಿದೆ. ಇಷ್ಟು ಸೇರಿದರೆ ಮೂಗಿನೊಳಗೆ ನೋಡಲೇಬೇಕು. ಮೂತಿ ಒಂದು ಕಡೆ ಉಬ್ಬಿದರೆ, ಕಣ್ಣು ಮುಂದೆ ಬಂದರೆ ಆಗಲೇ ತಡವಾಗಿದೆ ಎಂದರ್ಥ. (ಪಗ್ ಸಾಕಿದವರಿಗೆ ನಾನು ಸದಾ ಉಸಿರಾಟದ ಬಗ್ಗೆ ಬೈಯುತ್ತಿರುತ್ತೇನೆ. ಈ ರೋಗದ ಮಟ್ಟಿಗೆ ಮಾತ್ರ ಮೋಟು ಮೂಗೇ ವಾಸಿ.)

ಎಕ್ಸ್‌ರೇಯಲ್ಲಿ ಮೂಳೆಗಳು ಒಂದರ ಮೇಲೊಂದು ಕಾಣುತ್ತವೆ, ನೆಚ್ಚಿಕೊಳ್ಳುವಂತಿಲ್ಲ. ಅರಿವಳಿಕೆ ಕೊಟ್ಟು ಸಿಟಿ ಸ್ಕ್ಯಾನ್ ಮಾಡಿಸಬೇಕು. ಮೂಗಿಗೂ ಮೆದುಳಿಗೂ ನಡುವೆ ಜರಡಿಯಂಥ ತೆಳು ಮೂಳೆಯಿದೆ. ಗಡ್ಡೆ ಅದನ್ನು ತಿಂದಿದೆಯೋ ಇಲ್ಲವೋ ಎನ್ನುವುದರ ಮೇಲೆ ಮುಂದಿನ ಲೆಕ್ಕವೆಲ್ಲ ನಿಂತಿದೆ. ಬಯಾಪ್ಸಿ, ಅಂದರೆ ಗಡ್ಡೆಯ ಚೂರು ತೆಗೆದು ಪರೀಕ್ಷೆಗೆ ಕಳಿಸುವುದು, ಆಮೇಲೆ, ಯಾಕಂದರೆ ಮೊದಲೇ ಚುಚ್ಚಿದರೆ ರಕ್ತ ತುಂಬಿ ಸ್ಕ್ಯಾನ್ ಕೆಡುತ್ತದೆ. ಚಿಮುಟವನ್ನು ನಾಯಿಯ ಮುಖದ ಪಕ್ಕಕ್ಕಿಟ್ಟು, ಹೊಳ್ಳೆಯಿಂದ ಕಣ್ಣಿನ ಒಳಮೂಲೆವರೆಗೆ ಅಳೆದು ಟೇಪ್ ಸುತ್ತುತ್ತೇನೆ. ಆ ಟೇಪ್ ದಾಟಿ ಒಳಗೆ ಹೋಗುವಂತಿಲ್ಲ, ಆಚೆ ಮೆದುಳು.

"ಕ್ಯಾನ್ಸರ್ ಅಂತ ಗೊತ್ತಾಯ್ತಲ್ಲ, ಮತ್ತೆ ಬಯಾಪ್ಸಿ ಯಾಕೆ?" ಅಂತ ಕೇಳುವವರಿದ್ದಾರೆ. ನಮ್ಮಲ್ಲಿ ಬೀದಿನಾಯಿಗಳಿಂದ ಹರಡುವ ಟಿವಿಟಿ ಎಂಬ ಅಂಟು ಕ್ಯಾನ್ಸರ್ ಗಡ್ಡೆಯಿದೆ. ಕೂಡುವಾಗ ಮಾತ್ರವಲ್ಲ, ಮೂಸಿದರೂ ನೆಕ್ಕಿದರೂ ಅಂಟುತ್ತದೆ, ಮೂಗಿನಲ್ಲೂ ಬೆಳೆಯುತ್ತದೆ. ವಾರಕ್ಕೊಂದರಂತೆ ನಾಲ್ಕಾರು ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧದ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಪೂರ್ತಿ ಕರಗಿಹೋಗುತ್ತದೆ! ಸುಮ್ನೆ ಊಹೆಯ ಮೇಲೆ ಕೈಬಿಟ್ಟರೆ ಬದುಕುವ ನಾಯಿಯನ್ನೂ ಕಳೆದುಕೊಳ್ಳುತ್ತೇವೆ.

ಅಜ್ಜಿಯ ನಾಯಿಗೆ ಆ ಅದೃಷ್ಟವಿರಲಿಲ್ಲ. ರಿಪೋರ್ಟ್‌ನಲ್ಲಿ ಬಂದದ್ದು ಅಡಿನೋಕಾರ್ಸಿನೋಮ ಎಂಬ ಕ್ಯಾನ್ಸರ್, ಮೂಗಿನಲ್ಲಿ ಹೆಚ್ಚಾಗಿ ಕಾಣುವುದು ಇದೇ. ಬರೀ ಆಪರೇಷನ್‌ನಿಂದ ಆಯುಸ್ಸು ಹೆಚ್ಚುವುದಿಲ್ಲ. ರೇಡಿಯೇಷನ್ನೇ ಮುಖ್ಯ ಚಿಕಿತ್ಸೆ. ಅದು ಸಿಕ್ಕರೆ ಸುಮಾರು ಒಂದು ವರ್ಷ, ಕೆಲವಕ್ಕೆ ಇನ್ನೂ ಜಾಸ್ತಿ. ಆದರೆ ಪ್ರತಿ ಸಲವೂ ಅರಿವಳಿಕೆ ಬೇಕು, ಖರ್ಚೂ ದೊಡ್ಡದು. ಏನೂ ಮಾಡದಿದ್ದರೆ, ರಕ್ತ ಬರುತ್ತಿರುವ ನಾಯಿಗೆ ಸಾಮಾನ್ಯವಾಗಿ ಮೂರು ತಿಂಗಳು.

ಅಜ್ಜಿ ಮಾತ್ರೆ ಸಾಕು ಅಂದರು. ಕಿಡ್ನಿ ಪರೀಕ್ಷೆ ಮಾಡಿ ಪೈರಾಕ್ಸಿಕ್ಯಾಮ್ ಎಂಬ ನೋವು-ಉರಿಯೂತದ ಮಾತ್ರೆ ಶುರು ಮಾಡಿದೆ. ಇದರ ಜೊತೆ ಸ್ಟೀರಾಯ್ಡ್ ಕೊಡಲೇಬಾರದು, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಮನೆಯಲ್ಲಿರುವ ನೋವಿನ ಮಾತ್ರೆಯನ್ನಂತೂ ಮುಟ್ಟಬೇಡಿ. ವಾಸನೆ ಹೋದ ನಾಯಿ ಊಟ ಬಿಡುತ್ತದೆ, ಅದಕ್ಕೇ ಕೋಳಿ ಸಾರನ್ನು ಬೆಚ್ಚಗೆ ಮಾಡಿ ಕೊಡಿ ಅಂದೆ. ಮಾಂಸ ಮುಟ್ಟದ ಮನೆ. ಅಜ್ಜಿ ಸಾರನ್ನು ಪಕ್ಕದ ಮನೆಯಿಂದ ತರಿಸಿ ಹಿತ್ತಲಲ್ಲಿ ಉಣಿಸುತ್ತಿದ್ದರು.

ಕ್ಯಾಲೆಂಡರ್‌ನಲ್ಲಿ ಒಳ್ಳೆಯ ದಿನಕ್ಕೆ ಸೊನ್ನೆ, ಕೆಟ್ಟ ದಿನಕ್ಕೆ ಗೆರೆ ಹಾಕಲು ಹೇಳಿದ್ದೆ. ಐದನೇ ತಿಂಗಳ ಹಾಳೆಯಲ್ಲಿ ಗೆರೆಗಳೇ ಜಾಸ್ತಿಯಾದಾಗ ಅವರೇ ಫೋನ್ ಮಾಡಿದರು. "ಕ್ಲಿನಿಕ್‌ಗೆ ಬೇಡ. ಮನೆಗೇ ಬನ್ನಿ ಡಾಕ್ಟ್ರೇ."