ಹೋಬಿ ಬೇಕರ್ ಯಾರಿಗೆ? ಪಾಯಿಂಟ್ ಪಟ್ಟಿ ನೋಡಿದವರು ಮೊದಲ ವರ್ಷವೇ ಎಡವಿದ್ದರು

1980-81ರ ಸೀಸನ್‌ನಲ್ಲಿ ಅಮೆರಿಕದ ಕಾಲೇಜು ಐಸ್ ಹಾಕಿಯಲ್ಲಿ ಅತಿ ಹೆಚ್ಚು ಪಾಯಿಂಟ್ ಗಳಿಸಿದವರು ಮಿನೆಸೋಟ ವಿಶ್ವವಿದ್ಯಾಲಯದ ಆರನ್ ಬ್ರೋಟನ್. 45 ಪಂದ್ಯ, 47 ಗೋಲು, 59 ಅಸಿಸ್ಟ್, ಒಟ್ಟು 106. ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆಂದು ಹೋಬಿ ಬೇಕರ್ ಪ್ರಶಸ್ತಿ ಶುರುವಾದದ್ದೂ ಆ ವರ್ಷವೇ. ಅದು ಆರನ್ ಅವರಿಗೆ ಬರಲಿಲ್ಲ. ಅದೇ ತಂಡದಲ್ಲಿದ್ದ ಅವರ ಅಣ್ಣ ನೀಲ್ ಬ್ರೋಟನ್ ಅದನ್ನು ಗೆದ್ದರು. ನೀಲ್ ಗಳಿಸಿದ್ದು 36 ಪಂದ್ಯಗಳಲ್ಲಿ 71 ಪಾಯಿಂಟ್.

ಐಸ್ ಹಾಕಿ ನೋಡದವರಿಗೆ ಒಂದು ಮಾತು: ಇಲ್ಲಿ ಗೋಲು ಹೊಡೆದವನಿಗೆ ಒಂದು ಪಾಯಿಂಟ್, ಅದಕ್ಕೆ ಮುನ್ನ ಪಕ್ (ಚೆಂಡಿನ ಬದಲಿನ ರಬ್ಬರ್ ಬಿಲ್ಲೆ) ದಾಟಿಸಿಕೊಟ್ಟ ಇಬ್ಬರವರೆಗೆ ತಲಾ ಒಂದು, ಇದೇ ಅಸಿಸ್ಟ್. ಗೋಲು ಮತ್ತು ಅಸಿಸ್ಟ್‌ಗೆ ಬೆಲೆ ಒಂದೇ. ಈ ಒಟ್ಟು ಮೊತ್ತವೇ ದಿನವೂ ಕಣ್ಣಿಗೆ ಬೀಳುವ ಅಂಕಿ. ಹಾಗಾಗಿ ಪ್ರಶಸ್ತಿ ಯಾರಿಗೆಂದು ಊಹಿಸಲು ಕೂತವರು ಮೊದಲು ತೆರೆಯುವುದೂ ಆ ಪಟ್ಟಿಯನ್ನೇ. ದಾರಿ ತಪ್ಪುವುದು ಅಲ್ಲಿಂದಲೇ.

ಹೋಬಿ ಬೇಕರ್ ಪ್ರಿನ್ಸ್‌ಟನ್‌ನಲ್ಲಿ 1914ರಲ್ಲಿ ಪದವಿ ಮುಗಿಸಿದ ಆಟಗಾರ. ಕಾಲೇಜಿನ ಇಡೀ ಅವಧಿಯಲ್ಲಿ ಪೆನಾಲ್ಟಿಗೆ ಒಳಗಾದದ್ದು ಒಂದೇ ಸಲ ಎಂಬುದು ಅವರ ಬಗ್ಗೆ ಎಲ್ಲರೂ ಹೇಳುವ ಮಾತು. ಮೊದಲ ಮಹಾಯುದ್ಧದಲ್ಲಿ ಯುದ್ಧವಿಮಾನದ ಪೈಲಟ್ ಆಗಿದ್ದರು. ಯುದ್ಧ ಮುಗಿದು ತಿಂಗಳು ಕಳೆದ ಮೇಲೆ, 1918ರ ಡಿಸೆಂಬರ್ 21ರಂದು, ಫ್ರಾನ್ಸ್‌ನ ತೂಲ್ ಬಳಿ ರಿಪೇರಿಯಾದ ವಿಮಾನವೊಂದನ್ನು ಪರೀಕ್ಷಿಸಲು ಹಾರಿಸಿದಾಗ ಅದು ಬಿದ್ದು ಸತ್ತರು. ಮಿನೆಸೋಟದ ಬ್ಲೂಮಿಂಗ್ಟನ್‌ನ ಡಿಕ್ಯಾಥ್ಲಾನ್ ಅಥ್ಲೆಟಿಕ್ ಕ್ಲಬ್ ಪ್ರಶಸ್ತಿ ಸ್ಥಾಪಿಸಿದಾಗ ಈ ಹೆಸರನ್ನು ಸುಮ್ಮನೆ ಆರಿಸಲಿಲ್ಲ. ಮಾನದಂಡದಲ್ಲಿ ಮೊದಲು ಬರುವುದು ರಿಂಕ್ ಒಳಗೂ ಹೊರಗೂ ಆಟಗಾರನ ನಡತೆ. ಆಮೇಲೆ ಆಟದ ಎಲ್ಲ ವಿಭಾಗಗಳಲ್ಲಿನ ಕೌಶಲ. ಓದು ಮತ್ತು ಕ್ರೀಡಾಮನೋಭಾವಕ್ಕೂ ಜಾಗವಿದೆ. ಪಾಯಿಂಟ್ ಎಂಬ ಪದವೇ ಅಲ್ಲಿಲ್ಲ.

ಇನ್ನು ಮತ ಹಾಕುವವರು ಯಾರು, ಯಾವಾಗ ಎಂಬುದು. ಊಹೆಯ ಅರ್ಧ ಕೆಲಸ ಇದೇ. ಮೊದಲ ಸುತ್ತು ಕಾಲೇಜು ಹಾಕಿಯ ಮೇಲ್ದರ್ಜೆಯಾದ ಡಿವಿಷನ್ ಒಂದರ ಅರವತ್ತಕ್ಕೂ ಹೆಚ್ಚು ತಂಡಗಳ ಮುಖ್ಯ ಕೋಚ್‌ಗಳದು. ಪ್ರತಿ ಕೋಚ್ ತನ್ನ ಲೀಗ್‌ನ ಮೂವರನ್ನೂ ದೇಶದ ಮೂವರನ್ನೂ ಹೆಸರಿಸಬೇಕು. ಅಭಿಮಾನಿಗಳ ಮತವೂ ಉಂಟು, ಆದರೆ ಅದರ ತೂಕ ಲೆಕ್ಕಕ್ಕೆ ಸಿಗದಷ್ಟು. ಮಾರ್ಚ್‌ನಲ್ಲಿ ಹತ್ತು ಹೆಸರು ಹೊರಬರುತ್ತವೆ. ಅಲ್ಲಿಂದ ಮುಂದೆ ಮೂವತ್ತರ ಆಸುಪಾಸಿನ ಸಂಖ್ಯೆಯ ಆಯ್ಕೆ ಸಮಿತಿಯ ಮತ. ಅದರಲ್ಲಿ ಮೇಲೆ ಬಂದ ಮೂವರನ್ನು ‘ಹೋಬಿ ಹ್ಯಾಟ್ರಿಕ್’ ಎಂದು ಪ್ರಕಟಿಸುತ್ತಾರೆ. ಗೆದ್ದವರ ಹೆಸರು ಫ್ರೋಜನ್ ಫೋರ್ (ರಾಷ್ಟ್ರೀಯ ಟೂರ್ನಿಯಲ್ಲಿ ಕೊನೆಗುಳಿದ ನಾಲ್ಕು ತಂಡಗಳ ಹಂತ) ವಾರದ ಶುಕ್ರವಾರ, ಅಂದರೆ ಗುರುವಾರದ ಸೆಮಿಫೈನಲ್‌ಗೂ ಶನಿವಾರದ ಫೈನಲ್‌ಗೂ ನಡುವೆ ಹೊರಬೀಳುತ್ತದೆ.

ಮೂವರ ಹೆಸರು ತಿಳಿಯುವಾಗ ಫ್ರೋಜನ್ ಫೋರ್‌ನ ಮೊದಲ ಪಂದ್ಯವೂ ನಡೆದಿರುವುದಿಲ್ಲ. ಗುರುವಾರ ರಾತ್ರಿ ಹ್ಯಾಟ್ರಿಕ್ ಹೊಡೆದರೂ ಪ್ರಶಸ್ತಿಗೆ ಅದು ಸಲ್ಲದು. 2022ರಲ್ಲಿ ಮಿನೆಸೋಟ ಸ್ಟೇಟ್‌ನ ಗೋಲ್‌ಕೀಪರ್ ಡ್ರೈಡನ್ ಮೆಕೇ ಶುಕ್ರವಾರ ಪ್ರಶಸ್ತಿ ಪಡೆದರು. ಮರುದಿನ ಫೈನಲ್‌ನಲ್ಲಿ ಡೆನ್ವರ್ ಎದುರು ಅವರ ತಂಡ 5-1ರಿಂದ ಸೋತಿತು. ಹಿಂದಿನ ವರ್ಷಗಳ ಅಂಕಿ ಇಟ್ಟುಕೊಂಡು ಸೂತ್ರ ಕಟ್ಟುವವರು ಮಾಡುವ ದೊಡ್ಡ ತಪ್ಪು ಇಲ್ಲೇ ಇದೆ. ಸೀಸನ್ ಪೂರ್ತಿ ಮುಗಿದ ಮೇಲಿನ ಮೊತ್ತವನ್ನು ಅವರು ತುಂಬಿಸಿಕೊಳ್ಳುತ್ತಾರೆ. 2015ರಲ್ಲಿ ಗೆದ್ದ ಬಾಸ್ಟನ್ ವಿಶ್ವವಿದ್ಯಾಲಯದ ಜಾಕ್ ಐಕಲ್ ಅವರ 71 ಪಾಯಿಂಟ್‌ಗಳಲ್ಲಿ ಫ್ರೋಜನ್ ಫೋರ್‌ನವೂ ಸೇರಿವೆ, ಮತದಾರರು ಅವನ್ನು ನೋಡಿರಲಿಲ್ಲ. ಮತ ಮುಗಿದ ದಿನಕ್ಕೆ ಅಂಕಿಯನ್ನು ಕತ್ತರಿಸದಿದ್ದರೆ ಸೂತ್ರ ಹಳೆಯ ವರ್ಷಗಳಿಗೆ ಚೆನ್ನಾಗಿ ಹೊಂದಿದಂತೆ ಕಾಣುತ್ತದೆ, ಹೊಸ ವರ್ಷಕ್ಕೆ ಕೈಕೊಡುತ್ತದೆ.

ಒಟ್ಟು ಮೊತ್ತಕ್ಕಿಂತ ಪಂದ್ಯವೊಂದರ ಸರಾಸರಿ ಮೇಲು. ವಿಶ್ವ ಜೂನಿಯರ್ ಪಂದ್ಯಾವಳಿಗೆ ಹೋದವರು ಕಾಲೇಜಿನ ಕೆಲವು ಪಂದ್ಯ ತಪ್ಪಿಸಿಕೊಳ್ಳುತ್ತಾರೆ. ಹಾರ್ವರ್ಡ್‌ನಂಥ ಐವಿ ಲೀಗ್ ತಂಡಗಳ ಸೀಸನ್ ತಡವಾಗಿ ಶುರುವಾಗುತ್ತದೆ, ಪಂದ್ಯಗಳೂ ಕಡಿಮೆ. 2016ರಲ್ಲಿ ಹಾರ್ವರ್ಡ್‌ನ ಜಿಮ್ಮಿ ವೀಸಿ 33 ಪಂದ್ಯಗಳಲ್ಲಿ 46 ಪಾಯಿಂಟ್‌ಗೆ ಗೆದ್ದರು. ಆದರೆ ಸರಾಸರಿಯೂ ಕೊನೆಯ ಮಾತಲ್ಲ. 2024ರಲ್ಲಿ ಬಾಸ್ಟನ್ ಕಾಲೇಜಿನ ವಿಲ್ ಸ್ಮಿತ್ 41 ಪಂದ್ಯಗಳಲ್ಲಿ 71 ಪಾಯಿಂಟ್ ಗಳಿಸಿ ದೇಶಕ್ಕೇ ಮೊದಲಿಗರಾದರು. ಬಾಸ್ಟನ್ ವಿಶ್ವವಿದ್ಯಾಲಯದ ಮ್ಯಾಕ್ಲಿನ್ ಸೆಲೆಬ್ರಿನಿ ಗಳಿಸಿದ್ದು 38ರಲ್ಲಿ 64. ಸ್ಮಿತ್ ಅವರದೇ ಹೆಚ್ಚಿನ ಸರಾಸರಿ. ಗೆದ್ದವರು ಸೆಲೆಬ್ರಿನಿ, ಸ್ಮಿತ್ ಕೊನೆಯ ಮೂವರಲ್ಲೂ ಇರಲಿಲ್ಲ. ಅವರ ತಂಡದಿಂದ ಆ ಮೂವರಲ್ಲಿ ಸೇರಿದ್ದು 38 ಗೋಲು ಹೊಡೆದ ಕಟರ್ ಗೋಟಿಯೇ.

ಒಂದೇ ತಂಡದ ಇಬ್ಬರಿದ್ದರೆ ಮತ ಒಡೆಯುತ್ತದೆ ಎನ್ನುವುದು ಈ ವಲಯದಲ್ಲಿ ಸವೆದ ಮಾತು. ನಾವು ಅದನ್ನು ಅರ್ಧವಷ್ಟೇ ಒಪ್ಪುತ್ತೇವೆ. 2023ರಲ್ಲಿ ಮಿನೆಸೋಟದ ಲೋಗನ್ ಕೂಲಿ, ಮ್ಯಾಥ್ಯೂ ನೈಸ್ ಇಬ್ಬರೂ ಕೊನೆಯ ಮೂವರಲ್ಲಿದ್ದು ಮಿಷಿಗನ್‌ನ ಆಡಂ ಫ್ಯಾಂಟಿಲಿಗೆ ಸೋತರು, ನಿಜ. ಆದರೆ 2009ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಮ್ಯಾಟ್ ಗಿಲ್ರಾಯ್, ಕಾಲಿನ್ ವಿಲ್ಸನ್ ಇಬ್ಬರೂ ಇದ್ದು ಗಿಲ್ರಾಯ್ ಗೆದ್ದರು. ಬ್ರೋಟನ್ ಸಹೋದರರ ಉದಾಹರಣೆ ಇದ್ದೇ ಇದೆ. ತಂಡದೊಳಗೆ ‘ಇವನೇ ಮುಖ್ಯ’ ಎಂಬ ಒಮ್ಮತ ಮೂಡಿದೆಯೇ ಎಂದು ನೋಡಬೇಕು. ಅದು ಮೂಡಿದ್ದರೆ ಜೊತೆಯವನಿಂದ ಹಾನಿಯಿಲ್ಲ.

2003ರಿಂದ 2013ರವರೆಗಿನ 11 ವಿಜೇತರನ್ನು ಸಾಲಾಗಿ ನಿಲ್ಲಿಸಿ. ಸೇಯ್ನಾ, ಲೆಸಾರ್ಡ್, ಸರ್ಟಿಕ್, ಡಂಕನ್, ಗಿಲ್ರಾಯ್, ಮೀಲಿ, ಕಾನಲಿ, ಲೆಬ್ಲಾಂಕ್ ಈ ಎಂಟು ಮಂದಿಯನ್ನು ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನ ಯಾವ ತಂಡವೂ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಯುವ ಆಟಗಾರರನ್ನು ಆರಿಸುವ ವಾರ್ಷಿಕ ಪ್ರಕ್ರಿಯೆಯಲ್ಲಿ, ಆರಿಸಿಕೊಂಡಿರಲಿಲ್ಲ. ಹೆಚ್ಚಿನವರು ಕೊನೆಯ ವರ್ಷದವರೆಗೂ ಕಾಲೇಜಿನಲ್ಲೇ ಉಳಿದು ಬೆಳೆದವರು. 2007ರಲ್ಲಿ ನಾರ್ತ್ ಡಕೋಟದ ರಯಾನ್ ಡಂಕನ್ ಆಡುತ್ತಿದ್ದದ್ದು ಜೊನಾಥನ್ ಟೇವ್ಸ್, ಟಿ.ಜೆ. ಓಶಿ ಅವರ ಜೊತೆಗೆ, ಒಂದೇ ಸಾಲಿನಲ್ಲಿ. ಮುಂದೆ ಟೇವ್ಸ್ ಶಿಕಾಗೊ ನಾಯಕರಾಗಿ ಎನ್‌ಎಚ್‌ಎಲ್ ಚಾಂಪಿಯನ್ನರ ಸ್ಟ್ಯಾನ್ಲಿ ಕಪ್ ಅನ್ನು ಮೂರು ಸಲ ಎತ್ತಿದರು, ಡಂಕನ್ ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಹೋಬಿ ಸಿಕ್ಕಿದ್ದು ಡಂಕನ್‌ಗೆ. 2013ರಲ್ಲಿ ಸೇಂಟ್ ಕ್ಲೌಡ್ ಸ್ಟೇಟ್‌ನ ಡ್ರೂ ಲೆಬ್ಲಾಂಕ್ ಮುರಿದ ಕಾಲು ವಾಸಿಮಾಡಿಕೊಂಡು ಐದನೇ ವರ್ಷಕ್ಕೆ ಮರಳಿ, ಬಾಸ್ಟನ್ ಕಾಲೇಜಿನ ಜಾನಿ ಗಾಡ್ರೊ ಅವರನ್ನು ಹಿಂದಿಕ್ಕಿದರು. ‘ನಡತೆ’ ಎಂಬ ಮಾನದಂಡಕ್ಕೆ ಸಮಿತಿ ಎಷ್ಟು ಬೆಲೆ ಕೊಡುತ್ತದೆ ಎಂದು ಆ ವರ್ಷ ಬಿಸಿಬಿಸಿ ಚರ್ಚೆಯಾಯಿತು.

2014ರಿಂದ ಗಾಳಿ ತಿರುಗಿತು. ಆ ವರ್ಷದಿಂದ 2025ರವರೆಗಿನ 12 ವಿಜೇತರಲ್ಲಿ ಮೊದಲಾಗಲಿ ಆಮೇಲಾಗಲಿ ಡ್ರಾಫ್ಟ್ ಆಗದವರು ಮೆಕೇ ಒಬ್ಬರೇ. ಪ್ರತಿಭಾವಂತ ಹುಡುಗರು ಕಾಲೇಜಿನ ದಾರಿ ಹಿಡಿಯುವುದು ಹೆಚ್ಚಾಯಿತು, ಜೊತೆಗೇ ಅಲ್ಲಿ ನಿಲ್ಲುವ ಅವಧಿ ಒಂದೆರಡು ವರ್ಷಕ್ಕೆ ಇಳಿಯಿತು. ಮೊದಲ ವರ್ಷದ ವಿದ್ಯಾರ್ಥಿ ಗೆದ್ದದ್ದು 1993ರಲ್ಲಿ ಮೇನ್‌ನ ಪಾಲ್ ಕರಿಯಾ, 39 ಪಂದ್ಯಗಳಲ್ಲಿ 100 ಪಾಯಿಂಟ್. ಮುಂದಿನವರು ಐಕಲ್, 22 ವರ್ಷಗಳ ನಂತರ. ಆಮೇಲೆ ಫ್ಯಾಂಟಿಲಿ, ಸೆಲೆಬ್ರಿನಿ ಬೆನ್ನುಬೆನ್ನಿಗೇ. ‘ಮೊದಲ ವರ್ಷದವನಿಗೆ ಕೊಡುವುದಿಲ್ಲ’ ಎಂಬ ಹಳೆಯ ನಿಯಮವನ್ನು ಈಗಲೂ ನಂಬುವವರು ಹಣ ಕಟ್ಟದಿರುವುದು ಒಳ್ಳೆಯದು.

ಹಳೆಯ ಮೊತ್ತಗಳನ್ನು ಅಳತೆಗೋಲಾಗಿಸುವುದೂ ಸಲ್ಲ. 1987ರಲ್ಲಿ ನಾರ್ತ್ ಡಕೋಟದ ಟೋನಿ ಹರ್ಕಸ್ 48 ಪಂದ್ಯಗಳಲ್ಲಿ 116 ಗಳಿಸಿದ್ದರು. 2025ರಲ್ಲಿ ಮಿಷಿಗನ್ ಸ್ಟೇಟ್‌ನ ಐಸಾಕ್ ಹೊವಾರ್ಡ್ ಗೆದ್ದದ್ದು 37ರಲ್ಲಿ 52ಕ್ಕೆ. ನಡುವೆ ಗೋಲು ಬೀಳುವುದೇ ಕಡಿಮೆಯಾಗಿದೆ.

ಸ್ಥಾನವಾರು ನೋಡಿದರೆ 2025ರವರೆಗಿನ 45 ಪ್ರಶಸ್ತಿಗಳಲ್ಲಿ 33 ಫಾರ್ವರ್ಡ್‌ಗಳಿಗೆ, 9 ಡಿಫೆಂಡರ್‌ಗಳಿಗೆ, 3 ಗೋಲ್‌ಕೀಪರ್‌ಗಳಿಗೆ. ಡಿಫೆಂಡರ್‌ಗಳ ಪಾಲು ಸಮವಾಗಿ ಹರಡಿಲ್ಲ. 1985ರಿಂದ 1999ರವರೆಗೆ ಒಬ್ಬರೂ ಇಲ್ಲ, 2017ರಿಂದ 2020ರ ನಾಲ್ಕರಲ್ಲಿ ಮೂವರು: ಬುಚರ್, ಮಕಾರ್, ಪೆರುನೊವಿಚ್. ಪಂದ್ಯಕ್ಕೆ ಒಂದು ಪಾಯಿಂಟ್ ದಾಟಿದ ಡಿಫೆಂಡರ್ ಎಂದರೆ ಗಮನಿಸಲೇಬೇಕು. ಗೋಲ್‌ಕೀಪರ್‌ಗೆ ಮಾತ್ರ ಬೆಟ್ಟ ಕಡಿದಷ್ಟು ಕಷ್ಟ. ಮಿಷಿಗನ್ ಸ್ಟೇಟ್‌ನ ರಯಾನ್ ಮಿಲ್ಲರ್ 2001ರಲ್ಲಿ ಗೆಲ್ಲಲು ಬೇಕಾದದ್ದು ಶೇ 95ರ ತಡೆ ಪ್ರಮಾಣ, 10 ಶಟೌಟ್ (ಒಂದೂ ಗೋಲು ಬಿಡದ ಪಂದ್ಯ). ಮೆಕೇ ಅವರಿಗೆ ಬೇಕಾದದ್ದು 38 ಗೆಲುವುಗಳ ದಾಖಲೆ. 2014ರಿಂದ ಗೋಲ್‌ಕೀಪರ್‌ಗಳಿಗೆಂದೇ ಮೈಕ್ ರಿಕ್ಟರ್ ಪ್ರಶಸ್ತಿ ಇರುವುದರಿಂದ, ‘ಅವರಿಗೆ ಅದಿದೆಯಲ್ಲ’ ಎಂದು ಮತ ಬೇರೆಡೆ ಜಾರುವುದೂ ಸುಲಭ.

ಲೆಕ್ಕಕ್ಕೆ ಕೂರುವವರು ಜನವರಿ ಕೊನೆಗೆ ಹದಿನೈದು ಹೆಸರಿನಿಂದ ಶುರುಮಾಡಬೇಕು. ಸರಾಸರಿ, ಗೋಲಿನ ಸಂಖ್ಯೆ, ಪವರ್ ಪ್ಲೇಯಲ್ಲಿ (ಪೆನಾಲ್ಟಿಯಿಂದ ಎದುರಾಳಿಗೆ ಆಟಗಾರರು ಕಡಿಮೆಯಿದ್ದಾಗ) ಬಂದ ಪಾಲು, ಎದುರಾಳಿ ಗೋಲ್‌ಕೀಪರ್‌ನನ್ನು ಹೊರಗೆ ಕರೆದಾಗ ಖಾಲಿ ಗೋಲಿಗೆ ಹೊಡೆದವು ಬೇರೆ ಬೇರೆ ಬರೆದಿಟ್ಟುಕೊಳ್ಳಿ. ಲೀಗ್ ನೋಡಿ: ಅಟ್ಲಾಂಟಿಕ್ ಹಾಕಿಯಿಂದ ಈವರೆಗೆ ಯಾರೂ ಗೆದ್ದಿಲ್ಲ, ಅಲ್ಲಿನ ಮೊತ್ತವನ್ನು ಮತದಾರರು ತಗ್ಗಿಸಿಯೇ ಓದುತ್ತಾರೆ. ತಂಡ ರಾಷ್ಟ್ರೀಯ ಟೂರ್ನಿಗೆ ಬರುವಂತಿದ್ದರೆ ಅನುಕೂಲ. ಆದರೆ 2006ರಲ್ಲಿ ಡೆನ್ವರ್ ಹೊರಗುಳಿದಿದ್ದರೂ ಮ್ಯಾಟ್ ಕಾರ್ಲ್ ಗೆದ್ದಿದ್ದಾರೆ. ಹಿಂದಿನ ವರ್ಷ ಕೊನೆಯ ಮೂವರಲ್ಲಿದ್ದು ಮರಳಿ ಬಂದವರಿಗೆ ಒಂದು ಹೆಜ್ಜೆ ಮುಂದೆ ಕೊಡಿ: ಗಾಡ್ರೊ, ವೀಸಿ, ಮೆಕೇ ಮೂವರೂ ಹಾಗೆ ಗೆದ್ದವರೇ. ಗೆದ್ದು ಮರಳಿ ಬಂದವರಿಗೆ ಮಾತ್ರ ಕೊಡಬೇಡಿ. ಎರಡು ಸಲ ಈ ಪ್ರಶಸ್ತಿ ಪಡೆದವರು ಒಬ್ಬರೂ ಇಲ್ಲ, ಡಂಕನ್ ಇನ್ನೆರಡು ವರ್ಷ ಆಡಿಯೂ ಪಡೆಯಲಿಲ್ಲ.

ಈ ಎಲ್ಲ ಕೋಷ್ಟಕಗಳಿಗೂ ಈಗ ಒಂದು ತೊಡಕು ಬಂದಿದೆ. ಕೆನಡಾದ ಮೇಜರ್ ಜೂನಿಯರ್ ಲೀಗ್‌ಗಳಲ್ಲಿ (ಹದಿಹರೆಯದವರ ಮೇಲ್ದರ್ಜೆಯ ಲೀಗ್‌ಗಳು) ಆಡಿದವರನ್ನು ಕಾಲೇಜು ತಂಡಗಳಿಗೆ ಸೇರಿಸದ ದಶಕಗಳ ನಿಯಮವನ್ನು 2024ರ ನವೆಂಬರ್‌ನಲ್ಲಿ ಅಮೆರಿಕದ ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆ ಎನ್‌ಸಿಎಎ ತೆಗೆದುಹಾಕಿತು, ಜಾರಿ 2025ರ ಆಗಸ್ಟ್ 1ರಿಂದ. ಮೊದಲು ಬಂದವರಲ್ಲಿ ಪೆನ್ ಸ್ಟೇಟ್ ಸೇರಿದ ಗ್ಯಾವಿನ್ ಮೆಕೆನ್ನಾ ಒಬ್ಬರು. ಈಗ ಮೊದಲ ವರ್ಷದವನೆಂದರೆ ಮೇಜರ್ ಜೂನಿಯರ್‌ನಲ್ಲಿ ಎರಡು ಮೂರು ಸೀಸನ್ ಆಡಿ ಪಳಗಿದವನೂ ಇರಬಹುದು. ಜೂನಿಯರ್ ಲೀಗ್‌ನ ಅವನ ಮೊತ್ತವನ್ನು ಕಾಲೇಜಿನದಕ್ಕೆ ಹೇಗೆ ಇಳಿಸಿ ಓದುವುದು ಎಂಬುದಕ್ಕೆ ಹಳೆಯ 45 ವರ್ಷಗಳಲ್ಲಿ ಒಂದು ಸಾಲಿನ ಆಧಾರವೂ ಸಿಗದು.