ನಾರ್ಮಲ್ ರಿಪೋರ್ಟಿನಲ್ಲಿ ಕಾಣದ ನೋವು

ಮುಂಬಯಿ ಕಡೆಯ ಡೊಂಬಿವಲಿ, ಮುಲುಂಡ್, ಮಾಟುಂಗಾದ ಕನ್ನಡದ ಮನೆಗಳಲ್ಲೂ ಮುಟ್ಟಿನ ಹೊಟ್ಟೆನೋವು ಎಂದರೆ ಹುಡುಗಿಗೆ ಮೊದಲು ಸಿಗುವುದು ‘ಮದುವೆಯಾದರೆ ಸರಿಹೋಗುತ್ತೆ’ ಎಂಬ ಮಾತು. ಸೊನೋಗ್ರಫಿ ಮಾಡಿಸಿದರೆ ರಿಪೋರ್ಟು ನಾರ್ಮಲ್. ನೋವಿನ ಗುಳಿಗೆ ನುಂಗಿ ಅವಳು ಮತ್ತೆ ಲೋಕಲ್ ಹತ್ತುತ್ತಾಳೆ. ಅದು ಎಂಡೊಮೆಟ್ರಿಯೋಸಿಸ್ ಇರಬಹುದೆಂಬ ಅನುಮಾನ ಬರುವಷ್ಟರಲ್ಲಿ ಎಷ್ಟೋ ವರ್ಷ ಕಳೆದಿರುತ್ತವೆ.

ಗರ್ಭಕೋಶದ ಒಳಪದರದಂಥದೇ ಅಂಗಾಂಶ ಅಂಡಾಶಯ, ಕರುಳು, ಮೂತ್ರಕೋಶಗಳ ಮೇಲೆ ಬೆಳೆಯುವ ಕಾಯಿಲೆ ಇದು. ಹೆರುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು 10% ಮಂದಿಗೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 1920ರ ದಶಕದಲ್ಲಿ ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ ಇದಕ್ಕೆ ಈಗಿನ ಹೆಸರಿಟ್ಟರು. ಅಂಡಾಶಯದಲ್ಲಿ ಹಳೆ ರಕ್ತ ತುಂಬಿದ ಚೀಲಗಳನ್ನು, ಅಂದರೆ ‘ಚಾಕಲೇಟ್ ಸಿಸ್ಟ್’ಗಳನ್ನು ಅವರು ಕಂಡದ್ದು ಆಪರೇಷನ್ ಮಾಡುವಾಗ. ಮುಂದೆ ಲ್ಯಾಪರೊಸ್ಕೋಪಿ ಬಂದಮೇಲೂ, ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ಕಣ್ಣಾರೆ ನೋಡಿದರಷ್ಟೇ ಕಾಯಿಲೆ ಖಚಿತ ಎಂಬ ರೂಢಿ ದಶಕಗಳ ಕಾಲ ಉಳಿಯಿತು.

ಆ ರೂಢಿಯನ್ನು ಸಡಿಲಿಸಿದ್ದರಲ್ಲಿ ಎಂಆರ್‌ಐ ಪಾಲು ದೊಡ್ಡದು. 1991ರಲ್ಲಿ ಜಪಾನಿನ ಕಓರಿ ತೊಗಾಶಿ ಮತ್ತು ಸಂಗಡಿಗರು ಚಾಕಲೇಟ್ ಸಿಸ್ಟನ್ನು ಚಿತ್ರದಲ್ಲೇ ಗುರುತಿಸುವ ಲಕ್ಷಣಗಳನ್ನು ಪ್ರಕಟಿಸಿದರು. ತಿಂಗಳು ತಿಂಗಳೂ ಸೇರಿ ಗಟ್ಟಿಯಾದ ರಕ್ತ ಟಿ1 ಎಂಬ ಬಗೆಯ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ, ಟಿ2 ಎಂಬ ಬಗೆಯದರಲ್ಲಿ ಮಬ್ಬಾಗುತ್ತದೆ. ಕೊಬ್ಬಿನ ಹೊಳಪನ್ನು ಅಳಿಸಿ ತೆಗೆದ ಚಿತ್ರದಲ್ಲೂ ಬೆಳ್ಳಗೇ ಉಳಿದರೆ ಅದು ಕೊಬ್ಬಿನ ಗಡ್ಡೆಯಲ್ಲ, ರಕ್ತ. ಆಮೇಲಿನ ವರ್ಷಗಳಲ್ಲಿ ಗರ್ಭಕೋಶದ ಹಿಂದೆ ಆಳಕ್ಕೆ ಇಳಿದ, ಕರುಳನ್ನು ಎಳೆದು ಅಂಟಿಸಿದ ಕಪ್ಪು ನಾರಿನ ಗಂಟುಗಳನ್ನೂ ರೇಡಿಯಾಲಜಿಸ್ಟರು ಓದಲು ಕಲಿತರು. ಕರುಳಿನ ಸರ್ಜನ್ ಜೊತೆಗಿರಬೇಕೋ ಬೇಡವೋ ಎಂಬುದು ಈಗ ಆಪರೇಷನ್ನಿಗೆ ಮೊದಲೇ ತಿಳಿಯಬಹುದು. ಇದು ಸಣ್ಣ ಸಂಗತಿಯಲ್ಲ.

2022ರಲ್ಲಿ ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಘ, ಲ್ಯಾಪರೊಸ್ಕೋಪಿಯೇ ಅಂತಿಮ ಮಾನದಂಡ ಎಂಬ ಮಾತನ್ನು ಕೈಬಿಟ್ಟಿತು.

ನಮ್ಮ ಮನೆಗಳ ಮಟ್ಟಿಗೆ ಇನ್ನೊಂದು ಮುಖ್ಯ ಮಾತಿದೆ. ಯೋನಿಯ ಮೂಲಕ ಮಾಡುವ ಸೊನೋಗ್ರಫಿಯಲ್ಲಿ ಪಳಗಿದವರಿಗೆ ಈ ಕಾಯಿಲೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಮದುವೆಯಾಗದ ಹುಡುಗಿಯರಿಗೆ ನಮ್ಮಲ್ಲಿ ಸಾಮಾನ್ಯವಾಗಿ ಹೊಟ್ಟೆಯ ಮೇಲಿನಿಂದಷ್ಟೇ ಮಾಡುತ್ತಾರೆ. ಆಳದ ಗಂಟುಗಳು ಅದರಲ್ಲಿ ಸುಲಭವಾಗಿ ತಪ್ಪಿಹೋಗುತ್ತವೆ. ಎಂಆರ್‌ಐ ಅಂಥವರಿಗೆ ತೆರೆದಿರುವ ದಾರಿ. ಅದರಲ್ಲಿ ಎಕ್ಸ್‌ರೇ ವಿಕಿರಣವೂ ಇಲ್ಲ. ಖಾಸಗಿ ಸೆಂಟರಿನಲ್ಲಿ ಸಾವಿರಾರು ರೂಪಾಯಿ ಬೇಕಾಗುವುದರಿಂದ, ಅದನ್ನು ಬರೆದುಕೊಡುವ ವೈದ್ಯರು ಚೀಟಿಯಲ್ಲಿ ಬರಿದೇ ‘ಹೊಟ್ಟೆನೋವು’ ಎನ್ನದೆ ಎಂಡೊಮೆಟ್ರಿಯೋಸಿಸ್ ಅನುಮಾನ ಎಂದೇ ನಮೂದಿಸಬೇಕು. ಯಾವ ಚಿತ್ರ ತೆಗೆಯಬೇಕು, ಕರುಳಿನ ಚಲನೆ ತಗ್ಗಿಸುವ ಇಂಜೆಕ್ಷನ್ ಕೊಡಬೇಕೇ ಎಂಬುದೆಲ್ಲ ಆ ಒಂದು ಸಾಲಿನ ಮೇಲೆ ನಿಂತಿದೆ.

ಹೊಟ್ಟೆಯ ಒಳಪೊರೆಯ ಮೇಲೆ ತೆಳ್ಳಗೆ ಹರಡಿದ ಚುಕ್ಕೆಗಳನ್ನು ಎಂಆರ್‌ಐ ಹೆಚ್ಚಾಗಿ ಹಿಡಿಯುವುದಿಲ್ಲ. ಹಾಗಾಗಿ ರಿಪೋರ್ಟು ಶುದ್ಧವಾಗಿ ಬಂದರೂ ನೋವು ಸುಳ್ಳಲ್ಲ. ಲಕ್ಷಣಗಳನ್ನು ನೋಡಿಯೇ ಹಾರ್ಮೋನು ಚಿಕಿತ್ಸೆ ಶುರುಮಾಡಬಹುದು, ಅದಕ್ಕೂ ಬಗ್ಗದಿದ್ದರೆ ಲ್ಯಾಪರೊಸ್ಕೋಪಿ ಇದ್ದೇ ಇದೆ.